ಕಾದಂಬರಿಗೆ ಒಗ್ಗದ ಗಂಡ

"ಕೋಟು ಹಿಡ್ಕೊಳ್ಳಮ್ಮ. ಗ್ರೀಸು ತಾಗಿದ್ರೆ ನಿಮ್ಮಕ್ಕ ಎದ್ದು ಬಂದು ಬೈತಾಳೆ," ಎಂದು ಲಿಫ್ಟ್ ಮೇಸ್ತ್ರಿ ತಮ್ಮ ಕಪ್ಪು ಕೋಟನ್ನು ನಾದಿನಿಯ ಕೈಗೆ ಕೊಟ್ಟು, ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ನಾಲ್ಕನೇ ಮಹಡಿಯ ತೆರೆದ ಬಾಗಿಲಿನಿಂದ ಲಿಫ್ಟಿನ ನೆತ್ತಿಯ ಮೇಲೆ ಇಳಿದರು. ಲಿಫ್ಟು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಹಟ ಹಿಡಿದ ಕತ್ತೆಯ ಹಾಗೆ ನಿಂತುಬಿಟ್ಟಿತ್ತು.

"ಭಾವ, ನಿಮಗೆ ಎಪ್ಪತ್ತೊಂದು. ಇವತ್ತೊಂದು ದಿನ ಬೇರೆ ಯಾರಾದ್ರೂ ಮಾಡ್ಲಿ. ಕಂಪನಿಗೆ ಫೋನ್ ಮಾಡ್ತೀನಿ."

"ಮಾಡು. ಬುಧವಾರ ಬರ್ತಾರೆ."

ಅಂದು ಸೋಮವಾರ. ಹನ್ನೊಂದು ಗಂಟೆಗೆ ಸ್ಮಶಾನದಲ್ಲಿರಬೇಕು. ಈಗಾಗಲೇ ಒಂಬತ್ತೂಕಾಲು. ಮೇಸ್ತ್ರಿಯ ಹೆಂಡತಿ ನಡುಮನೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದಳು; ಕೆಳಗೆ ಬೀದಿಯಲ್ಲಿ ವ್ಯಾನು ನಿಂತಿತ್ತು. ನಡುವೆ ನಾಲ್ಕು ಮಹಡಿ. ಕಟ್ಟಡ ಒಂದು ಕಾಲದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯಾಗಿತ್ತು. ಬಟ್ಟೆಯ ಥಾನುಗಳನ್ನು ಸಾಗಿಸಲೆಂದು ಮಾಡಿಸಿದ ಉದ್ದನೆಯ ಲಿಫ್ಟಿನಲ್ಲಿ ಪೆಟ್ಟಿಗೆ ಆರಾಮವಾಗಿ ಹಿಡಿಯುತ್ತಿತ್ತು. ಮೆಟ್ಟಿಲುಗಳಂತೂ ಸುತ್ತು ಸುತ್ತಾಗಿ ಇಳಿಯುವ ಕಬ್ಬಿಣದವು. ಒಬ್ಬರು ಇಳಿಯುವಾಗ ಹತ್ತುವವರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ಅಲ್ಲಿ ಪೆಟ್ಟಿಗೆಯ ಮಾತೇ ಇಲ್ಲ.

ಬಂದವರು ಮನೆಯೊಳಗೆ ಹಿಡಿಸದೆ ಒಂದೊಂದು ಮಹಡಿಯ ಮೊಗಸಾಲೆಯಲ್ಲೂ ಗುಂಪುಗುಂಪಾಗಿ ನಿಂತಿದ್ದರು. ಮೇಸ್ತ್ರಿಗೆ ಆಶ್ಚರ್ಯವೇ ಆಗಿತ್ತು. ಕನ್ನಡಕದ ಅಂಗಡಿಯಲ್ಲಿ ಮೂವತ್ತೆರಡು ವರ್ಷ ಜನರ ಮೂಗಿನ ಮೇಲೆ ಗಾಜು ಕೂರಿಸಿದವಳಿಗೆ ಇಷ್ಟೊಂದು ಜನವೇ? ಬೀದಿಯಲ್ಲೆಲ್ಲ ಅವಳನ್ನು ಕರೆಯುತ್ತಿದ್ದದ್ದು ಕನ್ನಡಕದಕ್ಕ ಎಂದು. ಅವಳು ಕಾದಂಬರಿ ಬರೆಯುತ್ತಾಳೆಂಬುದು ಎಲ್ಲರಿಗೂ ಗೊತ್ತಿತ್ತು. ಓದಿದವರು ಇಷ್ಟು ಮಂದಿ ಎಂಬುದು ಮೇಸ್ತ್ರಿಗೆ ಗೊತ್ತಿರಲಿಲ್ಲ.

ಅವರು ಸ್ಟಾಪ್ ಗುಂಡಿ ಒತ್ತಿ, ಕುಕ್ಕರಗಾಲಿನಲ್ಲಿ ಕೂತು, ಹತ್ತಿರದ ಬಾಗಿಲಿನ ಬೀಗವನ್ನು ಪರೀಕ್ಷಿಸತೊಡಗಿದರು. ಲಿಫ್ಟು ಏರಿಳಿಯುವ ಬಾವಿಗೆ ಒಂದು ಗುಣವಿದೆ. ಕೆಳಗೆ ಯಾರು ಪಿಸುಗುಟ್ಟಿದರೂ ಮೇಲೆ ಸಲೀಸಾಗಿ ಕೇಳುತ್ತದೆ. ನಲವತ್ತು ವರ್ಷ ಆ ಕತ್ತಲಲ್ಲಿ ನೇತಾಡಿದ ಮೇಸ್ತ್ರಿ ಇಂಥ ಎಷ್ಟೋ ಕಟ್ಟಡಗಳ ಗುಟ್ಟನ್ನು ಬೇಡವೆಂದರೂ ಕೇಳಿಸಿಕೊಂಡಿದ್ದರು, ಕೇಳಿಸಿಕೊಂಡದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು.

"ಮೂರನೇ ಪುಸ್ತಕದ ದರ್ಜಿ ನಾನೇ ಕಣ್ರೀ," ಎಂಬ ಒಡಕು ದನಿ ಎರಡನೇ ಮಹಡಿಯಿಂದ ಏರಿ ಬಂತು. ಅದು ಮೂಲೆಯಂಗಡಿಯ ದರ್ಜಿಯದು. "ಅಳತೆ ತಗೊಳ್ತಾ ತಗೊಳ್ತಾ ಗಿರಾಕಿ ಬಾಯಿ ಬಿಡಿಸ್ತಾನಲ್ಲ, ಅವನು."

"ಅವನು ಕೊನೆಗೆ ನಾಟಕದವಳ ಜೊತೆ ಓಡಿಹೋಗ್ತಾನಲ್ಲಪ್ಪ?"

"ಓಡಿಹೋಗೋದು ಅಕ್ಕನ ಕಲ್ಪನೆ. ಹೊಲಿಗೆ ನಂದು."

ಯಾರೋ ಕಿಸಕ್ಕೆಂದರು. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿಗೆ ತಿರುಗಿಸಿಕೊಂಡರು.

"ನಿಮ್ದು ಪರವಾಗಿಲ್ಲ," ಎಂದಳು ಹಲ್ಲಿನ ಡಾಕ್ಟರು. "ಏಳನೇದರಲ್ಲಿ ಹಲ್ಲು ಕೀಳೋಕೆ ತಾನೇ ಹೆದರಿ ನಡುಗೋಳು ನಾನು. ಓದಿದ ದಿನ ಪಿತ್ತ ನೆತ್ತಿಗೇರಿತ್ತು. ಅಂಗಡಿಗೇ ಹೋಗಿ ಜಗಳ ಆಡಿದೆ. ಆಮೇಲೆ ನೋಡಿದ್ರೆ ರೋಗಿಗಳು ಎರಡರಷ್ಟಾದ್ರು. ಈಯಮ್ಮನೂ ನಮ್ಮ ಹಾಗೇ ಹೆದರ್ತಾಳೆ ಅಂತ ಧೈರ್ಯ ಅವರಿಗೆ."

ಈಗ ಯಾರೂ ಕೆಮ್ಮಲಿಲ್ಲ, ನೇರವಾಗಿಯೇ ನಕ್ಕರು. ಕತ್ತಲಲ್ಲಿ ಮೇಸ್ತ್ರಿಯ ಮುಖವೂ ಅರಳಿತು. ಅವಳು ಇದನ್ನು ಕೇಳಿದ್ದರೆ ಸೆರಗಿಗೆ ಬಾಯಿ ಒರೆಸಿಕೊಂಡು, "ಇರಲಿ ಇರಲಿ, ಇನ್ನೂ ಏನೇನು ಹೇಳ್ತಾರೆ ನೋಡೋಣ," ಅನ್ನುತ್ತಿದ್ದಳು.

ಅಷ್ಟರಲ್ಲಿ ಪ್ರಕಾಶಕ ಬಾಯಿ ಹಾಕಿದ. ಅವಳ ಪುಸ್ತಕಗಳನ್ನೆಲ್ಲ ಅಚ್ಚು ಹಾಕಿದ ಮುದುಕ. "ನೀವೆಲ್ಲ ಇದೀರಿ, ಸರಿ. ಮೇಸ್ತ್ರಿ ಎಲ್ಲಿ?"

ಎಲ್ಲರೂ ಮನಸ್ಸಿನಲ್ಲೇ ಪುಟ ತಿರುವುತ್ತಿದ್ದ ಹಾಗಿತ್ತು.

"ಎರಡನೇದರ ಪೋಸ್ಟ್‌ಮ್ಯಾನು?"

"ಛೆ, ಅವನು ಪೋಸ್ಟ್‌ಮ್ಯಾನೇ. ಆ ದಪ್ಪ ಮೀಸೆ ನೋಡಿಲ್ವಾ ನೀವು? ಪಾರ್ಸೆಲ್ ಕೊಡೋಕೆ ಬರ್ತಾನೆ ಇನ್ನೂ."

"ಇರೋ ಗಂಡಂದಿರೆಲ್ಲ ಒಂದೋ ಕುಡುಕರು, ಇಲ್ಲ ಕವಿಗಳು."

"ಹನ್ನೊಂದು ಕಾದಂಬರಿ," ಎಂದ ಪ್ರಕಾಶಕ ನಿಧಾನವಾಗಿ. "ಕರಡು ತಿದ್ದಿದೋನು ನಾನು. ಒಂದೇ ಒಂದು ಲಿಫ್ಟೂ ಇಲ್ಲ ಕಣಯ್ಯ. ಆರನೇದರಲ್ಲಿ ಒಂಬತ್ತು ಮಹಡಿ ಕಟ್ಟಡ ಬರುತ್ತೆ. ಪಾಪ, ಆ ಹುಡುಗಿ ಮೆಟ್ಟಿಲಲ್ಲೇ ಹತ್ತುತ್ತಾಳೆ!"

"ಅಯ್ಯೋ, ಹೋಗ್ಲಿ ಬಿಡಿ. ಮೇಸ್ತ್ರಿ ಒಂದನ್ನೂ ಓದಿಲ್ವಂತೆ. ಗೊತ್ತಾಗಲ್ಲ."

ಮೇಸ್ತ್ರಿಯ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು.

*

ಅವರು ಓದಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಮೂರು ಪುಟ ಓದಿದ್ದರು.

ಮದುವೆಯಾದ ಎರಡನೇ ವರ್ಷ ಅವಳು ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಊಟದ ಮೇಜಿನ ಮೇಲೆ ಇಟ್ಟು, "ಓದಿ," ಎಂದು ಹೇಳಿ ಅಡುಗೆಮನೆಗೆ ಹೋಗಿದ್ದಳು. ಹೋದವಳು ಪಾತ್ರೆ ತೊಳೆಯಲಿಲ್ಲ, ಒಲೆ ಹಚ್ಚಲಿಲ್ಲ. ಬಾಗಿಲ ಸಂದಿಯಿಂದ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ಮೂರನೇ ಪುಟದ ಕೊನೆಯಲ್ಲಿ ಮೇಸ್ತ್ರಿ ತಲೆ ಕೆರೆದುಕೊಂಡರು.

"ಇವನು ಸಿಟ್ಟಲ್ಲಿ ಬಾಗಿಲು ತೆಗೆದು ಹೋಗ್ತಾನೆ ಅಂತ ಬರ್ದಿದೀಯಲ್ಲ. ಆ ಬಾಗಿಲು ಒಳಕ್ಕೆ ತೆರೆಯುತ್ತೋ, ಹೊರಕ್ಕೋ?"

"ಯಾಕೆ?"

"ಒಳಕ್ಕಾದ್ರೆ ಅಲ್ಲಿ ನಿಂತಿರೋ ಇವಳ ಹಣೆಗೆ ಬಡಿಯುತ್ತೆ."

ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ಇಪ್ಪತ್ತು ದಿನ ಒಂದು ಸಾಲೂ ಬರೆಯಲಾಗಲಿಲ್ಲ. ಯಾವ ಪಾತ್ರ ಎದ್ದರೂ ಬಾಗಿಲ ಬಳಿ ಬಂದು ತಬ್ಬಿಬ್ಬಾಗಿ ನಿಂತುಬಿಡುತ್ತಿತ್ತು. ಇಪ್ಪತ್ತೊಂದನೆಯ ದಿನ ಅವಳೇ ಬಂದು ಹೇಳಿದಳು. "ರೀ, ಒಂದು ಮಾತು. ನೀವು ಓದೋದು ಬೇಡ. ನೀವು ಓದ್ತೀರಿ ಅಂತ ಗೊತ್ತಾದ್ರೆ ನಾನು ನಿಮ್ಮ ಮುಖ ನೋಡ್ಕೊಂಡು ಬರೀತೀನಿ. ಊರೆಲ್ಲ ಓದಲಿ. ನನಗೆ ಮನೇಲಿ ಒಬ್ರು ಓದದೋರು ಬೇಕು."

ಮೇಸ್ತ್ರಿ ಒಪ್ಪಿಕೊಂಡರು. ಓದುವುದು ಅವರಿಗೇನೂ ಪ್ರಾಣವಾಗಿರಲಿಲ್ಲ. ಆದರೆ ಅಂದಿನಿಂದ ಬೆಳಗಿನ ಐದಕ್ಕೆ ಎದ್ದು ಕಾಫಿ ಮಾಡುವುದು ಅವರ ಪಾಲಿಗೆ ಬಂತು. ಅಂಗಡಿ ತೆರೆಯುವ ಒಂಬತ್ತರವರೆಗೆ ಅವಳು ಬರೆಯುತ್ತಿದ್ದಳು. ಸಂಜೆ ಇಬ್ಬರೂ ಮನೆಗೆ ಬಂದ ಮೇಲೆ ಅವಳ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಇವತ್ತು ಯಾರು ಸಿಕ್ಕಿಕೊಂಡಿದ್ರು?" ಮೇಸ್ತ್ರಿ ಹೇಳುತ್ತಿದ್ದರು. ಲಿಫ್ಟಿನಲ್ಲಿ ಸಿಕ್ಕಿಕೊಂಡು ಇಪ್ಪತ್ತು ನಿಮಿಷದಲ್ಲಿ ರಾಜಿಯಾದ ಇಬ್ಬರು ವಕೀಲರು. ಕತ್ತಲಿಗೆ ಹೆದರಿ ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದ ಬ್ಯಾಂಕ್ ಮ್ಯಾನೇಜರು. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಪುಸ್ತಕದಲ್ಲಿ ಎಲ್ಲೋ ಸೇರುತ್ತಿರಬೇಕು ಎಂದು ಮೇಸ್ತ್ರಿ ಒಳಗೊಳಗೇ ಹಿಗ್ಗುತ್ತಿದ್ದರು. ಕೇಳಲು ಮಾತ್ರ ಬಾಯಿ ಬರಲಿಲ್ಲ. ಓದುವುದಿಲ್ಲ ಎಂದು ಒಪ್ಪಿಕೊಂಡವರು ಕೇಳುವುದಾದರೂ ಹೇಗೆ?

*

ಒಂದೂ ಲಿಫ್ಟಿಲ್ಲ.

ಮೇಸ್ತ್ರಿ ಅದೇ ಬೋಲ್ಟನ್ನು ಎರಡು ಸಲ ಬಿಚ್ಚಿ ಎರಡು ಸಲ ಬಿಗಿದರು. ನಲವತ್ತಮೂರು ವರ್ಷದ ಸಂಜೆಗಳಲ್ಲಿ ಒಂದಾದರೂ ಎಲ್ಲಾದರೂ ಒಂದು ಸಾಲಾಗಿ ಸೇರಬಾರದಿತ್ತೇ? ದರ್ಜಿಗೆ ಒಂದು ಕಾದಂಬರಿ. ಹಲ್ಲಿನ ಡಾಕ್ಟರಿಗೆ ಒಂದು. ಪಾರ್ಸೆಲ್ ತರುವ ದಪ್ಪ ಮೀಸೆಗೂ ಒಂದು! ಹೆಂಡತಿ ನಡುಮನೆಯಲ್ಲಿ ಮಲಗಿರುವ ದಿನ ಇಂಥದಕ್ಕೆ ಮುನಿಸೇ ಎಂದು ತಮ್ಮ ಮೇಲೆಯೇ ನಾಚಿಕೆಯೂ ಆಯಿತು. ಮುನಿಸು ಮಾತ್ರ ಹೋಗಲಿಲ್ಲ.

ಮುಖ ಊದಿಸಿಕೊಂಡೇ ಅವರು ಲಿಫ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೆಳಗೆ ಇಣುಕಿದರು. ಎರಡನೇ ಮಹಡಿಯ ಬಾಗಿಲಿನಲ್ಲಿ ಕೂದಲೆಳೆಯಷ್ಟು ಬೆಳಕು. ಬಾಗಿಲು ಪೂರ್ತಿ ಕೂಡಿರಲಿಲ್ಲ. ಒಂದು ಬಾಗಿಲು ಕೂಡದಿದ್ದರೂ ಲಿಫ್ಟು ಕದಲುವುದಿಲ್ಲ.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಬಾವಿಯೊಳಕ್ಕೆ ಕೂಗಿದರು. "ಎರಡನೇ ಮಹಡಿಯೋರೇ! ಬಾಗಿಲ ಕೆಳಗಿನ ಹಳಿಯಲ್ಲಿ ಏನು ಸಿಕ್ಕಿದೆ ನೋಡಿ!"

ಎರಡನೇ ಮಹಡಿಯಲ್ಲಿ ಚಪ್ಪಲಿಗಳು ಸರಕ್ಕನೆ ಹಿಂದೆ ಸರಿದವು.

"ಅಯ್ಯಯ್ಯೋ," ಎಂದಿತು ದರ್ಜಿಯ ದನಿ. "ಮೇಸ್ತ್ರಿ... ನೀವು ಅಲ್ಲೇ ಇದೀರಾ? ಎಷ್ಟು ಹೊತ್ತಿಂದ?"

"ಹಳಿ ನೋಡಿ ಅಂದೆ."

ತಡಕಾಟ, ಪಿಸುಪಿಸು, ಒಬ್ಬರ ತಲೆಗೆ ಇನ್ನೊಬ್ಬರ ತಲೆ ಬಡಿದ ಸದ್ದು. "ಹೂವಿನ ದಂಟು ಕಣ್ರೀ. ನನ್ನ ಹೂಗುಚ್ಛದ್ದೇ. ಮುರಿದು ಬಿದ್ದಿದೆ."

"ನೀವು ಓಡಿಹೋಗೋದು ಕಲ್ಪನೆ ಇರಬಹುದು," ಎಂದರು ಮೇಸ್ತ್ರಿ, "ಬಂದ ಕಡೆ ತೊಡರಾಗೋದು ನಿಜ. ತೆಗೀರಿ."

ಆಮೇಲೆ ಎದ್ದ ನಗು ನಾಲ್ಕೂ ಮಹಡಿಗಳನ್ನು ತುಂಬಿತು. ಕಬ್ಬಿಣದ ಮೆಟ್ಟಿಲೇ ಗುಂಯ್ ಎಂದಿತು. ಬಾಗಿಲು ಟಕ್ಕೆಂದು ಕೂಡಿತು. ಮೇಸ್ತ್ರಿ ಮೇಲೆ ಹತ್ತಿ ಬಂದು, ಕೈಯನ್ನು ಸೀಮೆಎಣ್ಣೆಯ ಬಟ್ಟೆಗೆ ಉಜ್ಜಿ, ಸೋಪಿನಲ್ಲಿ ತೊಳೆದು, ಕೋಟು ತೊಟ್ಟುಕೊಂಡರು.

ಪೆಟ್ಟಿಗೆಯನ್ನು ಲಿಫ್ಟಿಗೆ ಸೇರಿಸಿದ ಮೇಲೆ ಪಕ್ಕದಲ್ಲಿ ಇಬ್ಬರಿಗಷ್ಟೇ ಜಾಗ ಉಳಿಯಿತು. ಮೇಸ್ತ್ರಿ ಮತ್ತು ನಾದಿನಿ. ಈ ನಾದಿನಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತಳಾದವಳು, ಅಕ್ಕನ ಪ್ರತಿ ಹಸ್ತಪ್ರತಿಯನ್ನೂ ಎಲ್ಲರಿಗಿಂತ ಮೊದಲು ಓದಿ ಕೆಂಪು ಶಾಯಿಯಲ್ಲಿ ತಪ್ಪು ಹುಡುಕಿದವಳು. ಲಿಫ್ಟು ನರಳುತ್ತ ಇಳಿಯತೊಡಗಿತು. ಮೇಸ್ತ್ರಿ ಗೋಡೆ ನೋಡುತ್ತ ಕೇಳಿಯೇಬಿಟ್ಟರು.

"ಹನ್ನೊಂದರಲ್ಲೂ ನಾನಿಲ್ವಂತೆ. ಹೌದೇನಮ್ಮ?"

"ಅಚ್ಚಾಗಿರೋದರಲ್ಲಿ ಇಲ್ಲ ಭಾವ."

"ಅಂದ್ರೆ?"

"ನಾನು ಓದಿದ ಮೊದಲ ಕರಡಲ್ಲಿ ಪ್ರತಿ ಸಲ ನೀವಿರ್ತಿದ್ರಿ. ಒಂದ್ಸಲ ಗಡಿಯಾರ ರಿಪೇರಿಯೋನು, ಒಂದ್ಸಲ ದೋಣಿ ನಡೆಸೋನು. ಒಂದ್ಸಲ ಲಿಫ್ಟಿನವರೇ ಆಗಿ ಬಂದಿದ್ರಿ. ಎರಡನೇ ಕರಡಿಗೆ ಮಾಯ. ನಾನೇ ಕೇಳ್ದೆ, 'ಯಾಕಕ್ಕ, ಭಾವನ್ನ ಯಾಕೆ ಹೊಡೆದುಹಾಕ್ತೀಯ, ಚೆನ್ನಾಗಿದ್ರಲ್ಲ' ಅಂತ. ಏನಂದ್ಲು ಗೊತ್ತಾ?"

"ಏನಂದ್ಲು?"

"'ಇವರನ್ನ ಕಾದಂಬರಿಯೊಳಗೆ ಬಿಟ್ಕೊಂಡ್ರೆ ನನ್ನ ಕೆಲಸ ಕೆಟ್ಟುಹೋಗುತ್ತೆ ಕಣೆ. ನಾನು ಕಷ್ಟಪಟ್ಟು ಎಲ್ಲರನ್ನೂ ಬಿಕ್ಕಟ್ಟಿಗೆ ಸಿಕ್ಕಿಸಿರ್ತೀನಿ. ಇವರು ರಿಪೇರಿ ಪೆಟ್ಟಿಗೆ ಹಿಡ್ಕೊಂಡು ಬರ್ತಾರೆ, ಬಾಗಿಲು ತೆಗೀತಾರೆ, ಎಲ್ಲರನ್ನೂ ಹೊರಗೆ ಬಿಡ್ತಾರೆ. ಇನ್ನೂರು ಪುಟದ್ದು ನಲವತ್ತಕ್ಕೇ ಮುಗಿದುಹೋಗುತ್ತೆ. ಈ ಮನುಷ್ಯ ಕಾದಂಬರಿಗೆ ಒಗ್ಗಲ್ಲ' ಅಂತ."

ಮೇಸ್ತ್ರಿ ಪೆಟ್ಟಿಗೆಯ ಕಡೆ ತಿರುಗಿದರು. ಮೊದಲು ಅವರ ಭುಜ ಅಲುಗಿತು. ನಾದಿನಿ ಗಾಬರಿಯಾಗಿ ತೋಳು ಹಿಡಿದುಕೊಂಡಳು. ಆಮೇಲೆ ಗೊತ್ತಾಯಿತು, ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಬಾಯಿ ತುಂಬ ನಗು. ಅವಳಿಗೂ ತಡೆಯಲಾಗಲಿಲ್ಲ. ಕೆಳಗೆ ಬಾಗಿಲ ಮುಂದೆ ಗಂಭೀರವಾಗಿ ಕೈಕಟ್ಟಿ ನಿಂತಿದ್ದ ವ್ಯಾನಿನವರು, ಮೇಲಿಂದ ನಗು ಇಳಿದು ಬರುತ್ತಿರುವುದನ್ನು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

*

ಕೊನೆಯ ತಿಂಗಳು ಅವಳು ಆಸ್ಪತ್ರೆಯಲ್ಲಿದ್ದಳು. ಕಿಟಕಿಯ ಪಕ್ಕದ ಮಂಚ. ಎದುರಿಗೆ ಬಸ್ ನಿಲ್ದಾಣ. ಬೆರಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ. ಹನ್ನೆರಡನೆಯ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅದರ ಚಿಂತೆ ಇದ್ದ ಹಾಗೆ ಕಾಣಲಿಲ್ಲ. ಬಸ್ಸಿಗೆ ಕಾಯುವವರನ್ನು ನೋಡುತ್ತ, "ಆ ಹಸಿರು ಕೊಡೆಯೋಳು ಬೇಕಂತಲೇ ಬಸ್ಸು ಬಿಡ್ತಿದಾಳೆ, ನೋಡಿ ರೀ. ಇದು ಮೂರನೇದು," ಅನ್ನುತ್ತಿದ್ದಳು. ಪಾಳಿ ಮುಗಿದ ನರ್ಸುಗಳು ಕೂಡ ಮನೆಗೆ ಹೋಗುವ ಮೊದಲು ಬಂದು, ಹಸಿರು ಕೊಡೆಯ ಸಮಾಚಾರ ಕೇಳಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಮೇಸ್ತ್ರಿ ಕೇಳಿದರು. "ಇಷ್ಟು ವರ್ಷ ಬರೆದೆಯಲ್ಲ, ಅದೇನು ಬರೆಯೋದು ಅಂದ್ರೆ?"

ಅವಳು ಯೋಚಿಸಿದಳು. "ಅಂಗಡೀಲಿ ಮಾಡ್ತಿದ್ದದ್ದೇ ಕಣ್ರೀ. ಬಂದೋರು ಎದುರು ಕೂರ್ತಾರೆ. ಅಕ್ಷರ ಗೋಡೆ ಮೇಲೆ ಮೊದಲೇ ಇರುತ್ತೆ, ನಾನೇನೂ ತಂದಿದ್ದಲ್ಲ. ಒಂದು ಗಾಜು ಹಾಕಿ 'ಈಗ ಹೇಗೆ' ಅಂತೀನಿ. ಇನ್ನೊಂದು ಹಾಕಿ 'ಈಗ?' ಅಂತೀನಿ. ಯಾವುದೋ ಒಂದಕ್ಕೆ, 'ಓ!' ಅಂತಾರೆ. ಆ 'ಓ' ಕೇಳೋಕೆ ಮೂವತ್ತೆರಡು ವರ್ಷ ಬೇಜಾರಿಲ್ದೆ ಹೋದೆ."

ಸ್ವಲ್ಪ ಹೊತ್ತಾದ ಮೇಲೆ ಅವಳಾಗಿಯೇ ಹನ್ನೆರಡನೆಯ ಕಾದಂಬರಿಯನ್ನು ಬಾಯಲ್ಲಿ ಹೇಳತೊಡಗಿದಳು. ಮದುವೆಯಾದಾಗಿನಿಂದ ಮೊದಲ ಸಲ. ದಿನಕ್ಕೆ ಒಂದಿಷ್ಟು. ಮೇಸ್ತ್ರಿ ಬಾಯಿ ತೆರೆಯದೆ ಕೇಳಿದರು. ಒಂದು ಕಡೆ ಯಾರೋ ಮನೆಯಿಂದ ಎದ್ದು ಹೊರಟಾಗ ಅವಳೇ ಮಾತು ನಿಲ್ಲಿಸಿ ಗಂಡನ ಮುಖ ನೋಡಿದಳು.

"ಹೊರಕ್ಕೆ ರೀ," ಎಂದಳು. "ಬಾಗಿಲು ಹೊರಕ್ಕೆ ತೆರೆಯುತ್ತೆ. ಯಾರ ಹಣೆಗೂ ಬಡಿಯಲ್ಲ. ಮುಂದೆ ಹೇಳ್ಲಾ?"

*

ಸ್ಮಶಾನ ಊರಾಚೆ ಒಂದು ಇಳಿಜಾರಿನಲ್ಲಿತ್ತು. ಬಿಸಿಲು ಹಿತವಾಗಿತ್ತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಎಲ್ಲರೂ ಸೇರಿದರು. ಪೆಟ್ಟಿಗೆ ಇಳಿಸಿ, ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿದ ಮೇಲೆ, ಪ್ರಕಾಶಕ ಮೇಸ್ತ್ರಿಯ ಮೊಣಕೈ ಮುಟ್ಟಿದ.

"ಎರಡು ಮಾತು ಹೇಳ್ರಿ."

"ನಾನು ಪುಸ್ತಕ ಓದಿಲ್ವಲ್ಲಪ್ಪ."

"ಪುಸ್ತಕದ್ದು ನಾವು ಹೇಳ್ಕೊಳ್ತೀವಿ. ನೀವು ಬೇರೆ ಏನಾದ್ರೂ ಹೇಳಿ."

ಮೇಸ್ತ್ರಿ ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು. ಸುತ್ತ ಐವತ್ತು ಅರವತ್ತು ಮುಖ. ಇಷ್ಟು ಜನರ ಮುಂದೆ ಅವರು ಜೀವಮಾನದಲ್ಲಿ ಮಾತಾಡಿರಲಿಲ್ಲ. ಬಾಗಿಲ ಆಚೆ ಇರುವವರಿಗೆ ಹೆದರಬೇಡಿ ಎಂದು ಹೇಳಿ ಮಾತ್ರ ಅಭ್ಯಾಸ.

"ಅವಳು ಸಿಕ್ಕಿದ್ದು ಹೇಗೆ ಅಂತ ಹೇಳ್ತೀನಿ," ಎಂದರು. "ಆಗ ನನಗೆ ಇಪ್ಪತ್ತೇಳು. ಐದಂತಸ್ತಿನ ಕಟ್ಟಡ, ಲಿಫ್ಟು ನಿಂತಿದೆ, ಒಳಗೆ ಒಬ್ಬ ಹೆಂಗಸು ಅಂತ ಕರೆ ಬಂತು. ಓಡಿದೆ. ಬಾಗಿಲಿಗೆ ಬಾಯಿ ಇಟ್ಟು, 'ಹೆದರಬೇಡಿ ಮೇಡಂ, ಹತ್ತೇ ನಿಮಿಷ' ಅಂದೆ. ಒಳಗಿಂದ ದನಿ ಬಂತು, 'ಹತ್ತು ನಿಮಿಷ ಸಾಕಾಗಲ್ಲ ಕಣ್ರೀ. ಇನ್ನೂ ಹದಿನೆಂಟು ಪುಟ ಇದೆ.'"

ಹಲ್ಲಿನ ಡಾಕ್ಟರು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಭಯದಲ್ಲಿ ಏನೋ ಬಡಬಡಿಸ್ತಿದಾಳೆ ಅಂದ್ಕೊಂಡೆ. ಐದು ನಿಮಿಷಕ್ಕೆ ರಿಪೇರಿ ಮಾಡಿ ಬಾಗಿಲು ತೆಗೆದ್ರೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಪುಸ್ತಕ ಹಿಡಿದು ಕೂತಿದಾಳೆ. ತಲೆ ಎತ್ತಲಿಲ್ಲ. ಒಂದು ಬೆರಳು ಮಾತ್ರ ಎತ್ತಿದ್ಲು, ತಾಳಿ ಅಂತ. ಐದನೇ ಮಹಡಿಯೋರು ಕೂಗಾಡ್ತಿದಾರೆ, ಲಿಫ್ಟು ಬಿಡಯ್ಯ ಅಂತ. ನನಗೇನು ಬಂತೋ ಗೊತ್ತಿಲ್ಲ, ಮೋಟಾರು ಸುಟ್ಟುಹೋಗಿದೆ ಅಂತ ಸುಳ್ಳು ಹೇಳಿ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತೆ."

"ಮೇಸ್ತ್ರಿ ಸುಳ್ಳು ಹೇಳಿದ್ರಾ!" ಎಂದ ದರ್ಜಿ.

"ಅದೊಂದೇ. ಹದಿನೆಂಟೂ ಪುಟ ಮುಗೀತು. ಪುಸ್ತಕ ಮುಚ್ಚಿ ಗೊಳೋ ಅಂತ ಅಳೋಕೆ ಶುರು ಮಾಡಿದ್ಲು. ನೀರು ಕೊಟ್ಟೆ. 'ಸತ್ತುಹೋದ' ಅಂದ್ಲು. ಲಿಫ್ಟೊಳಗೆ ಇನ್ಯಾರೋ ಇದ್ರಾ, ಕೆಳಗೇನಾದ್ರೂ ಬಿದ್ರಾ ಅಂತ ಬಗ್ಗಿ ಬಗ್ಗಿ ಹುಡುಕ್ತೀನಿ ನಾನು! 'ಯಾರು ಮೇಡಂ, ಯಾರು ಸತ್ತಿದ್ದು?' ಅಂದ್ರೆ, 'ಪುಸ್ತಕದಲ್ಲಿ ಕಣ್ರೀ' ಅಂತಾಳೆ."

ಗುಂಪಿನ ನಗು ಇಳಿಜಾರಿನುದ್ದಕ್ಕೂ ಉರುಳಿತು. ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಡಿಯ ಬಳಿ ಬೇರೆ ಯಾರದೋ ಕಡೆಯವರು ಏಳೆಂಟು ಮಂದಿ, ಬರಬೇಕಾದ ಯಾರಿಗೋ ಕಾಯುತ್ತ ತಲೆ ತಗ್ಗಿಸಿ ಕೂತಿದ್ದರು. ಅವರಲ್ಲಿ ಇಬ್ಬರು ಇತ್ತ ತಿರುಗಿ ನೋಡಿದರು. ಪ್ರಕಾಶಕ ಮುಜುಗರದಿಂದ ಕೈ ಮುಗಿದ. ಮೇಸ್ತ್ರಿ ದನಿ ತಗ್ಗಿಸಿದರು. ಆದರೆ ಕತೆ ಈಗ ಅವರ ಕೈ ಮೀರಿತ್ತು.

"ನಾನು ಕೇಳ್ದೆ, 'ಇಷ್ಟು ಅಳೋ ಹಾಗಿದ್ರೆ ಯಾಕೆ ಓದ್ತೀರಿ?' ಅಂತ. ಅವಳು ಕಣ್ಣು ಒರೆಸ್ಕೊಂಡು, ಅಲ್ಲೇ, ಆ ನೆಲದ ಮೇಲೆ ಕೂತ ಹಾಗೇ ಪುಸ್ತಕದ ಮೊದಲನೇ ಪುಟ ತಿರುವಿದ್ಲು. ಅದರ ಮೇಲೆ ಬೆರಳಿಟ್ಟು ನನಗೆ ತೋರಿಸಿದ್ಲು. 'ನೋಡಿ ಇಲ್ಲಿ, ಸತ್ತೋನು ಎದ್ದು ಕಾಫಿ ಕುಡೀತಿದಾನೆ' ಅಂದ್ಲು."

ಈ ಸಲ ನಗು ತಡವಾಗಿ, ಮೆತ್ತಗೆ ಬಂತು. ನಾದಿನಿ ಮೂಗು ಒರೆಸಿಕೊಂಡಳು. ಮೇಸ್ತ್ರಿ ಮುಗಿಯಿತೆಂಬಂತೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು.

ಆಗ ಆ ಕಡೆಯ ಗುಂಪಿನಿಂದ ಒಬ್ಬ ಮುದುಕಿ ಎದ್ದಳು. ತಾನು ಕೂತಿದ್ದ ಕುರ್ಚಿಯನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು, ಹುಲ್ಲಿನ ಮೇಲೆ ನಿಧಾನವಾಗಿ ಕಾಲೆಳೆಯುತ್ತ ಇವರ ನಡುವೆ ಬಂದಳು. ಜನ ಸರಿದು ದಾರಿ ಬಿಟ್ಟರು. ಮೇಸ್ತ್ರಿಯ ಎದುರಿಗೇ ಕುರ್ಚಿ ಬಿಚ್ಚಿ, ಅದು ಅಲುಗುವುದಿಲ್ಲವೆಂದು ಒತ್ತಿ ನೋಡಿ, ಕೂತು, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಮುಖವೆತ್ತಿದಳು.

"ಆಮೇಲೆ?" ಎಂದಳು.